ಬೆಂಚು, ಮಾರ್ಕು ಮತ್ತು ನನ್ನ ಹಳೆಯ ಗಣಕಯಂತ್ರ



ಬಹಳ ದಿನಗಳಿಂದ ಏನನ್ನೂ ಬರೆಯಲಾಗಲಿಲ್ಲ. ಕಾರಣ ಆಲಸ್ಯವಲ್ಲ. ಬಿಜೈಯ ನಮ್ಮ ಮನೆಯ ಗಣಕಯಂತ್ರವು ಎರಡು ವಾರಗಳ ಕಾಲ ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿತ್ತು. ರಜೆಗೆ ಬಂದಿದ್ದ ಮೊಮ್ಮಗ ಅದರ ವೈದ್ಯನಾಗಿದ್ದ. ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತ ದಾದಿ.

2018ರಲ್ಲಿ ಕೊಂಡ ಯಂತ್ರ ಅದು. ಅದರೊಳಗಿದ್ದ ಪ್ರೊಸೆಸರ್ ಎಎಂಡಿ ಕಂಪನಿಯ ರೈಜನ್ 3 2200ಜಿ. ನನಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಆದರೆ ಮೈಕ್ರೋಸಾಫ್ಟಿನವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದರು. ವಿಂಡೋಸ್ 11ಕ್ಕೆ ಅರ್ಹವಾದ ಪ್ರೊಸೆಸರುಗಳ ಪಟ್ಟಿಯಲ್ಲಿ ನನ್ನದರ ಹೆಸರು ಇರಲಿಲ್ಲ. ಇಡೀ ಯಂತ್ರವನ್ನು ಎಸೆಯುವುದು ಬೇಡ, ಅದೇ ಬೋರ್ಡಿನ ಮೇಲೆ ಹೊಸ ಪ್ರೊಸೆಸರನ್ನು ಕೂರಿಸಬಹುದು ಎಂದು ಮೊಮ್ಮಗ ಹೇಳಿದ. ಮೊದಲು ಬೋರ್ಡಿನ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಹೊಸದಾಗಿಸಿ, ಅನಂತರ ರೈಜನ್ 5 5600ಜಿ ಎಂಬುದನ್ನು ತಂದು ಕೂರಿಸಿದ. ಹಳೆಯದರಲ್ಲಿ ನಾಲ್ಕು ಕೋರ್‌ಗಳು, ಹೊಸತರಲ್ಲಿ ಆರು. ಹತ್ತು ಹನ್ನೆರಡು ಸಾವಿರ ರೂಪಾಯಿಗಳ ಖರ್ಚು.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಪರೀಕ್ಷೆ. ಸಿನೆಬೆಂಚ್ ಆರ್23 ಎಂಬ ತಂತ್ರಾಂಶವನ್ನು ಓಡಿಸಿದ. ಹಳೆಯ ಪ್ರೊಸೆಸರ್ ಇದ್ದಾಗಲೇ ಒಮ್ಮೆ ಓಡಿಸಿ ಅಂಕವನ್ನು ಬರೆದಿಟ್ಟಿದ್ದ: ಎಲ್ಲ ಕೋರ್‌ಗಳೂ ಸೇರಿ 3,512, ಒಂದೇ ಕೋರ್‌ಗೆ 918. ಈಗ ಬಂದದ್ದು 8,740 ಮತ್ತು 1,391. ನಾನು ಸಂತೋಷಪಟ್ಟೆ. ಅವನ ಮುಖ ಮಾತ್ರ ಬಾಡಿತು.

"ಅಜ್ಜ, ಬೇರೆಯವರಿಗೆಲ್ಲ ಹನ್ನೊಂದು ಸಾವಿರದ ಹತ್ತಿರ ಬರ್ತದೆ. ನಮಗೆ ಮಾತ್ರ ಯಾಕೆ ಇಷ್ಟು ಕಮ್ಮಿ?"

ಅಡುಗೆಮನೆಯಿಂದ ನನ್ನಾಕೆ ಕೇಳಿದ ಪ್ರಶ್ನೆ ಇನ್ನೂ ನೇರವಾಗಿತ್ತು. "ಅದೆಲ್ಲ ಇರಲಿ. ನಿಮ್ಮ ಕೆಲಸ ಈಗ ಬೇಗ ಆಗ್ತದಾ?"

ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದ ನನಗೆ ಮೂವತ್ತನಾಲ್ಕು ವರ್ಷ ಗಣಿತದ ಅಧ್ಯಾಪಕನಾಗಿ ಅಂಕ ಹಾಕಿದ ನನ್ನ ಕೈಯೇ ಎದುರಿಗೆ ಬಂದು ನಿಂತಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು. ಅದಕ್ಕಿಂತ ಮುಖ್ಯವಾಗಿ, ನೀವೆಲ್ಲ ಸೇರಿ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಗಾಗಿ ಹಣ ಕೂಡಿಸುತ್ತಿರುವ ಈ ಹೊತ್ತಿನಲ್ಲಿ ನನ್ನ ಅಭಿಪ್ರಾಯವೊಂದನ್ನು ಹೇಳಬೇಕಾಗಿದೆ.

'ಬೆಂಚ್‌ಮಾರ್ಕ್' ಎಂಬ ಪದವನ್ನು ಕೇಳಿದಾಗ, ಬೆಂಚೂ ಮಾರ್ಕೂ ಎರಡೂ ನಮ್ಮ ಶಾಲೆಯಿಂದಲೇ ಹೋದವಲ್ಲವೇ ಎಂದು ನನಗೆ ನಗು ಬಂತು. ನಿಜಕ್ಕೂ ಅದು ಭೂಮಾಪಕರ ಮಾತು. ಎತ್ತರವನ್ನು ಅಳೆಯುವಾಗ ಅವರು ಕಲ್ಲಿನಲ್ಲಿ ಕೆತ್ತುತ್ತಿದ್ದ ಗುರುತಿಗೆ ಆ ಹೆಸರು. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುವುದನ್ನು ನೀವೆಲ್ಲ ನೋಡಿದ್ದೀರಿ. ಹಿಂದೆ ಸರ್ವೇ ಇಲಾಖೆಯವರು ದೇಶದ ಎತ್ತರಗಳಿಗೆಲ್ಲ ಆಧಾರವಾಗಿ ಕರಾವಳಿಯ ಒಂಬತ್ತು ಕಡೆಗಳ ಸರಾಸರಿ ಸಮುದ್ರಮಟ್ಟವನ್ನು ಹಿಡಿದಿದ್ದರು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಎಲ್ಲಿಂದ ಅಳೆದದ್ದು ಎಂದು ತಿಳಿಯದಿದ್ದರೆ ಎತ್ತರಕ್ಕೆ ಅರ್ಥವಿಲ್ಲ.

ಪ್ರೊಸೆಸರಿನ ಅಂಕವೂ ಹಾಗೆಯೇ. ಗೀಕ್‌ಬೆಂಚ್ ಎಂಬ ಇನ್ನೊಂದು ಪರೀಕ್ಷೆಯನ್ನು ನೋಡಿ. ಅದರ ಐದನೆಯ ಆವೃತ್ತಿಯಲ್ಲಿ ಇಂಟೆಲ್‌ನ ಕೋರ್ ಐ3 8100 ಪ್ರೊಸೆಸರಿಗೆ 1000 ಅಂಕವೆಂದು ಇಟ್ಟುಕೊಂಡು ಉಳಿದವನ್ನು ಅಳೆದರು. 2023ರಲ್ಲಿ ಬಂದ ಆರನೆಯ ಆವೃತ್ತಿಯಲ್ಲಿ ಕೋರ್ ಐ7 12700ಕ್ಕೆ 2500 ಎಂದು ಇಟ್ಟುಕೊಂಡರು, ಪ್ರಶ್ನೆಗಳನ್ನೂ ಬದಲಿಸಿದರು. ಆದ್ದರಿಂದ ಐದರಲ್ಲಿ ಬಂದ ಅಂಕವನ್ನೂ ಆರರಲ್ಲಿ ಬಂದ ಅಂಕವನ್ನೂ ಪಕ್ಕಪಕ್ಕ ಇಟ್ಟು ನೋಡುವುದು, 625ಕ್ಕೆ ತೆಗೆದ ಅಂಕವನ್ನೂ 100ಕ್ಕೆ ತೆಗೆದ ಅಂಕವನ್ನೂ ಒಂದೇ ಸಾಲಿನಲ್ಲಿ ಬರೆದಂತೆ. ಆದರೂ ಜನ ಹೋಲಿಸುತ್ತಾರೆ, ಅಂಗಡಿಯವರು ಹೋಲಿಸಿ ತೋರಿಸುತ್ತಾರೆ.

ಇನ್ನು ಪ್ರಶ್ನೆಪತ್ರಿಕೆಯ ವಿಷಯ. ಸಿನೆಬೆಂಚ್ ಕೇಳುವ ಪ್ರಶ್ನೆ ಒಂದೇ: ಮೂರು ಆಯಾಮದ ಒಂದು ದೃಶ್ಯವನ್ನು ನೆರಳು ಬೆಳಕು ಸಮೇತ ಎಷ್ಟು ಬೇಗ ಚಿತ್ರಿಸಬಲ್ಲೆ? ಚಲನಚಿತ್ರ, ಜಾಹೀರಾತುಗಳಿಗೆ ಚಿತ್ರ ಮಾಡುವವರ ತಂತ್ರಾಂಶವನ್ನು ತಯಾರಿಸುವ ಜರ್ಮನಿಯ ಮ್ಯಾಕ್ಸನ್ ಕಂಪನಿಯದು ಈ ಪರೀಕ್ಷೆ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಹಂಚಿ ಒಂದೊಂದು ಕೋರ್‌ಗೆ ಒಂದೊಂದನ್ನು ಕೊಡಬಹುದು, ಒಬ್ಬರಿಗೊಬ್ಬರು ಕಾಯಬೇಕಾಗಿಲ್ಲ. ಕೋರ್ ಹೆಚ್ಚಿದಂತೆ ಅಂಕವೂ ಏರುತ್ತದೆ. ಆದರೆ ನಾನು ನನ್ನ ಜನ್ಮದಲ್ಲಿ ಒಮ್ಮೆಯೂ ಅಂಥ ಚಿತ್ರ ಮಾಡಿದವನಲ್ಲ.

ಒಂದು ಕೋರ್‌ನ ಅಂಕ, ಎಲ್ಲ ಕೋರ್‌ಗಳ ಅಂಕ ಎಂದು ಎರಡು ಏಕೆ ಎಂಬುದನ್ನು ನೀರುದೋಸೆಯ ಮೂಲಕ ಹೇಳುತ್ತೇನೆ. ಒಂದು ಕಾವಲಿಯಲ್ಲಿ ಒಂದು ನೀರುದೋಸೆ ಬೇಯಲು ಒಂದು ನಿಮಿಷ ಬೇಕೆಂದಿಟ್ಟುಕೊಳ್ಳಿ. ಮದುವೆಮನೆಯಲ್ಲಿ ಆರು ಒಲೆ, ಆರು ಕಾವಲಿ ಇಟ್ಟರೆ ನಿಮಿಷಕ್ಕೆ ಆರು ದೋಸೆ ಬೀಳುತ್ತವೆ. ಅದು ಎಲ್ಲ ಕೋರ್‌ಗಳ ಅಂಕ. ಆದರೆ ಮನೆಗೆ ಒಬ್ಬನೇ ಅತಿಥಿ ಬಂದು ಮೊದಲ ದೋಸೆಗಾಗಿ ತಟ್ಟೆ ಹಿಡಿದು ಕುಳಿತರೆ, ಆರು ಕಾವಲಿ ಇದ್ದರೂ ಅವನು ಒಂದು ನಿಮಿಷ ಕಾಯಲೇಬೇಕು. ಒಲೆಯ ಉರಿ ಎಷ್ಟು ಎಂಬುದಷ್ಟೇ ಅವನಿಗೆ ಮುಖ್ಯ. ಅದು ಒಂದು ಕೋರ್‌ನ ಅಂಕ. ಕನ್ನಡದಲ್ಲಿ ಬೆರಳಚ್ಚಿಸುವ, ಪತ್ರ ಬರೆಯುವ, ಹಳೆಯ ಭಾವಚಿತ್ರ ತೆರೆದು ನೋಡುವ ನನ್ನಂಥವನು ಬಹುಪಾಲು ಆ ಒಬ್ಬನೇ ಅತಿಥಿ.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಅಂಕ ಏಕೆ ಕಡಿಮೆಯಾಯಿತು? ಅವನು ಇಡೀ ದಿನ ಸೆಟ್ಟಿಂಗುಗಳನ್ನು ತಡಕಾಡಿದ. ಉತ್ತರ ಅಲ್ಲಿರಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ, ನಮ್ಮ ಮಂಗಳೂರಿನ ಸೆಕೆ, ಹಂಚಿನ ಮಾಡಿನ ಪಡಸಾಲೆ. ಪ್ರೊಸೆಸರಿನ ಮೇಲೆ ಕೂತಿದ್ದದ್ದು ಎಂಟು ವರ್ಷ ಹಳೆಯ ಫ್ಯಾನು. ಅದರ ಲೋಹದ ಸೀಳುಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಒಂದು ಒಣಗಿದ ಹಲ್ಲಿಯೂ ಸಿಕ್ಕಿತು. ಈ ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಸುಟ್ಟುಹೋಗದಿರಲಿ ಎಂದು. ಸಿನೆಬೆಂಚ್ ಆರ್23 ಹತ್ತು ನಿಮಿಷ ಬಿಡದೆ ದುಡಿಸುವುದರಿಂದ ಮೊದಲೆರಡು ನಿಮಿಷ ಚೆನ್ನಾಗಿ ಓಡಿ, ಅನಂತರ ಏದುಸಿರು ಬಿಡತೊಡಗಿತ್ತು. ಫ್ಯಾನನ್ನು ಬಿಚ್ಚಿ, ಬ್ರಷ್ಷಿನಿಂದ ಸ್ವಚ್ಛ ಮಾಡಿ, ಶಾಖ ದಾಟಿಸುವ ಪೇಸ್ಟನ್ನು ಒರೆಸಿ ಹೊಸತು ಹಚ್ಚಿದೆವು. ರಾತ್ರಿ ಹತ್ತರ ತಂಪಿನಲ್ಲಿ ಓಡಿಸಿದಾಗ 10,860 ಬಂತು. ಒಂದೇ ಕೋರ್‌ಗೆ 1,458.

ಯಂತ್ರ ಅದೇ, ಪ್ರಶ್ನೆಪತ್ರಿಕೆ ಅದೇ. ಕೋಣೆಯ ಸೆಕೆಯೂ ಒಂದಿಷ್ಟು ಧೂಳೂ ಎರಡು ಸಾವಿರಕ್ಕೂ ಹೆಚ್ಚು ಅಂಕಗಳನ್ನು ನುಂಗಿದ್ದವು! ಕಿಟಕಿಯಿಲ್ಲದ ಕೋಣೆಯಲ್ಲಿ ಪರೀಕ್ಷೆ ಬರೆದ ಮಕ್ಕಳು ನೆನಪಾದರು. ಅವರ ಉತ್ತರಪತ್ರಿಕೆಯ ಮೇಲೆ ನಾವು ಎಂದಾದರೂ ಕೋಣೆಯ ಉಷ್ಣಾಂಶವನ್ನು ಬರೆದದ್ದುಂಟೇ?

ಅಂತೂ ಮೊಮ್ಮಗನಿಗೆ ಸಮಾಧಾನವಾಯಿತು. ಒಟ್ಟು ಅಂಕ ಮೂರು ಪಟ್ಟು, ಒಂದೇ ಕೋರ್‌ನದು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಆದರೆ ನನ್ನಾಕೆಯ ಪ್ರಶ್ನೆ ಹಾಗೆಯೇ ಉಳಿದಿತ್ತು.

ಅದಕ್ಕೆ ನಾನು ನನ್ನದೇ ಪ್ರಶ್ನೆಪತ್ರಿಕೆಯನ್ನು ತಯಾರಿಸಿದ್ದೆ. ಹಳೆಯ ಪ್ರೊಸೆಸರನ್ನು ತೆಗೆಯುವ ಮೊದಲು, ಕೈಗಡಿಯಾರ ಹಿಡಿದು ನನ್ನ ನಿತ್ಯದ ಕೆಲಸಗಳ ಸಮಯವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ಹೊಸತು ಬಂದ ಮೇಲೆ ಅವನ್ನೇ ಮತ್ತೆ ಅಳೆದೆ. ಗುಂಡಿ ಒತ್ತಿದಲ್ಲಿಂದ ಕೆಲಸಕ್ಕೆ ಸಿದ್ಧವಾಗುವ ತನಕ, ಮೊದಲು 1 ನಿಮಿಷ 50 ಸೆಕೆಂಡ್, ಈಗ 1 ನಿಮಿಷ 42 ಸೆಕೆಂಡ್. ನನ್ನ ನೆನಪುಗಳ ದೊಡ್ಡ ಕಡತ ತೆರೆಯುವುದಕ್ಕೆ ಮೊದಲು 14 ಸೆಕೆಂಡ್, ಈಗ 12. ಮೂರು ಪಟ್ಟು ಎಲ್ಲಿಗೆ ಹೋಯಿತು?

ಮುಖ್ಯವಾದ ಕೆಲಸ ಇನ್ನೊಂದಿದೆ. ನಮ್ಮ ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಕನ್ನಡ ಅಕ್ಷರಗಳನ್ನು ಟೆಸರಾಕ್ಟ್ ಎಂಬ ತಂತ್ರಾಂಶದಿಂದ ಓದಿಸಿ ಪಠ್ಯವಾಗಿಸುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮೊದಲ ಕವಿತೆ, ಮೊದಲ ಪ್ರವಾಸಕಥನ ಅಲ್ಲಿವೆ. ಅಚ್ಚಿನ ಮೊಳೆಗಳು ಸವೆದು ಒತ್ತಕ್ಷರಗಳು ಅಳಿಸಿಹೋಗುತ್ತಿವೆ. ಒಂದು ಪುಟಕ್ಕೆ ಮೊದಲು ಒಟ್ಟು 60 ಸೆಕೆಂಡ್ ಬೇಕಿತ್ತು: ಪುಟ ಮಗುಚಿ, ಒತ್ತಿ ಹಿಡಿದು, ಸ್ಕ್ಯಾನರ್ ಓಡಿಸಲು 40, ಅಕ್ಷರ ಓದಿಸಲು 20. ಹೊಸ ಪ್ರೊಸೆಸರ್ ಆ 20ನ್ನು 12ಕ್ಕೆ ಇಳಿಸಿತು. ಒಟ್ಟು 52. ಅಂಕ ಮೂರು ಪಟ್ಟಾದಾಗ ನನ್ನ ಕೆಲಸದಲ್ಲಿ ಉಳಿದ ಸಮಯ ನೂರಕ್ಕೆ ಹದಿಮೂರು. ನಾಳೆ ದೇವಲೋಕದಿಂದಲೇ ಪ್ರೊಸೆಸರ್ ಇಳಿದು ಬಂದು ಅಕ್ಷರ ಓದುವ ಸಮಯ ಸೊನ್ನೆಯಾದರೂ ಪುಟಕ್ಕೆ 40 ಸೆಕೆಂಡ್ ಬೇಕೇ ಬೇಕು.

ಇದನ್ನು 1967ರಲ್ಲಿಯೇ ಜೀನ್ ಆಮ್‌ಡಾಲ್ ಎಂಬ ಗಣಕತಜ್ಞರು ವಾದವಾಗಿ ಮಂಡಿಸಿದ್ದರು. ಇಂದಿಗೂ ಅದು ಅವರ ಹೆಸರಿನ ನಿಯಮವೆಂದೇ ಪ್ರಸಿದ್ಧ. ಕೆಲಸದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ, ವೇಗಗೊಳ್ಳದ ಭಾಗವು ಒಟ್ಟು ಲಾಭಕ್ಕೆ ಮಿತಿ ಹಾಕುತ್ತದೆ. ನಿಮಗಿದು ಹೊಸತಲ್ಲ. ಒಂಬತ್ತನೆಯ ತರಗತಿಯಲ್ಲಿ ನಾನು ಪ್ರತಿವರ್ಷ ಕೇಳುತ್ತಿದ್ದ ಲೆಕ್ಕವನ್ನು ನೆನಪಿಸಿಕೊಳ್ಳಿ. ಮಂಗಳೂರಿನಿಂದ ಉಡುಪಿಗೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗುವಾಗ ಬಸ್ಸು ಗಂಟೆಗೆ 60 ಕಿ.ಮೀ., ಬರುವಾಗ 30 ಕಿ.ಮೀ. ವೇಗದಲ್ಲಿ ಓಡಿದರೆ ಸರಾಸರಿ ವೇಗವೆಷ್ಟು? ಇಡೀ ತರಗತಿ 45 ಎಂದು ಕೂಗುತ್ತಿತ್ತು. ಉತ್ತರ 40. ನಿಧಾನವಾಗಿ ಸಾಗಿದ ದಾರಿಯಲ್ಲಿ ನಾವು ಹೆಚ್ಚು ಹೊತ್ತು ಕೂತಿರುತ್ತೇವೆ, ಅದಕ್ಕೇ.

ಕೊನೆಗೆ ನನ್ನ ಯಂತ್ರವನ್ನು ನಿಜಕ್ಕೂ ಬದಲಿಸಿದ್ದು ಬೇರೊಂದು ಬಿಡಿಭಾಗ. ಒಳಗೆ ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಇತ್ತು. ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದೆವು. ಪ್ರೊಸೆಸರಿನ ಬೆಲೆಯ ಕಾಲುಭಾಗದಷ್ಟೇ ಖರ್ಚು. ಯಂತ್ರ ಈಗ 18 ಸೆಕೆಂಡಿನಲ್ಲಿ ಏಳುತ್ತದೆ. ಮರುದಿನ ಮತ್ತೊಮ್ಮೆ ಸಿನೆಬೆಂಚ್ ಓಡಿಸಿದ ಮೊಮ್ಮಗ ಅಂಕ ಏರಲೇ ಇಲ್ಲವೆಂದು ತಲೆ ಕೆರೆದುಕೊಂಡ. ಏರುವುದಾದರೂ ಹೇಗೆ? ಆ ಪರೀಕ್ಷೆಯಲ್ಲಿ ಡಿಸ್ಕಿನ ಬಗ್ಗೆ ಪ್ರಶ್ನೆಯೇ ಇಲ್ಲ!

ಹಾಗೆಂದು ಅಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಪುಟಗಳನ್ನೆಲ್ಲ ಮೊದಲೇ ಸ್ಕ್ಯಾನ್ ಮಾಡಿಟ್ಟು, ಆರಾರು ಪುಟಗಳನ್ನು ಒಟ್ಟಿಗೆ ಓದಿಸುವಂತೆ ಮೊಮ್ಮಗ ಒಂದು ಚಿಕ್ಕ ಏರ್ಪಾಡು ಮಾಡಿಕೊಟ್ಟ. ಈಗ 240 ಪುಟಗಳ ಅಕ್ಷರಗಳು ನಾನು ಚಹಾ ಕುಡಿದು ಬರುವಷ್ಟರಲ್ಲಿ ಓದಿ ಮುಗಿದಿರುತ್ತವೆ. ಅಲ್ಲಿ ಆರು ಕಾವಲಿಗಳೂ ಒಟ್ಟಿಗೆ ಉರಿಯುತ್ತವೆ. ಪ್ರಶ್ನೆಗೂ ಕೆಲಸಕ್ಕೂ ಹೊಂದಿಕೆಯಾದಾಗ ಅಂಕ ನಿಜವಾಗುತ್ತದೆ.

ಅಳೆಯುವವರಿಗೂ ಈ ಕಷ್ಟ ಹಿಂದಿನಿಂದಲೂ ಗೊತ್ತಿದೆ. 1972ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಒಂದು ಹಳೆಯ ಪರೀಕ್ಷೆಗೆ ವೆಟ್‌ಸ್ಟೋನ್ ಎಂದು ಹೆಸರು. ಅದು ಒಂದು ಊರಿನ ಹೆಸರು. ಪದದ ಅರ್ಥ ಸಾಣೆಕಲ್ಲು. ದಶಮಾಂಶಗಳ ಲೆಕ್ಕವೇ ಅದರಲ್ಲಿ ಹೆಚ್ಚಾಗಿತ್ತು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಅದಕ್ಕೆ ಜೋಡಿಯಾಗಿ ಪೂರ್ಣಾಂಕಗಳ ಪರೀಕ್ಷೆಯೊಂದನ್ನು ರಚಿಸಿ ಡ್ರೈಸ್ಟೋನ್ ಎಂದು ಹೆಸರಿಟ್ಟರು. ಆ ಪ್ರಶ್ನೆಪತ್ರಿಕೆ ಎಷ್ಟು ಚಿಕ್ಕದಿತ್ತೆಂದರೆ, ಕಂಪನಿಗಳು ಅದೊಂದಕ್ಕೇ ತಯಾರಿ ನಡೆಸಿ ಅಂಕ ಏರಿಸಿಕೊಳ್ಳತೊಡಗಿದವು. ಗೆಸ್ ಪೇಪರ್ ಓದಿ ಪರೀಕ್ಷೆಗೆ ಬರುವುದು ನಮ್ಮ ಮಕ್ಕಳು ಕಂಡುಹಿಡಿದ ವಿದ್ಯೆಯಲ್ಲ ನೋಡಿ. 1988ರಲ್ಲಿ ಕೆಲವು ಕಂಪನಿಗಳು ಕೂಡಿ ಸ್ಪೆಕ್ ಎಂಬ ಸಂಸ್ಥೆಯನ್ನು ಕಟ್ಟಿ, ನಿಜವಾದ ಬಳಕೆಯ ತಂತ್ರಾಂಶಗಳನ್ನೇ ಪ್ರಶ್ನೆಗಳಾಗಿ ಇಟ್ಟವು. ಅಲ್ಲಿಯೂ ಚಾಳಿ ತಪ್ಪಲಿಲ್ಲ. 2024ರಲ್ಲಿ ಸ್ಪೆಕ್ ಸಂಸ್ಥೆ ತಾನು ಪ್ರಕಟಿಸಿದ್ದ 2,600ಕ್ಕೂ ಹೆಚ್ಚು ಫಲಿತಾಂಶಗಳ ಮೇಲೆ ಟಿಪ್ಪಣಿ ಬರೆಯಬೇಕಾಯಿತು. ಇಂಟೆಲ್‌ನ ಕಂಪೈಲರ್ ಒಂದು ನಿರ್ದಿಷ್ಟ ಪ್ರಶ್ನೆಗೆಂದೇ ಉತ್ತರವನ್ನು ತಿದ್ದಿಕೊಂಡಿತ್ತು. ಬೇರೆ ಕೆಲಸಗಳಿಗೆ ಅದರಿಂದ ಅಂಥ ಪ್ರಯೋಜನವಿಲ್ಲ ಎಂಬುದು ಸಂಸ್ಥೆಯ ಆಕ್ಷೇಪ.

ಜಗತ್ತಿನ ಅತಿ ವೇಗದ ಗಣಕಗಳಿಗೂ ರ‍್ಯಾಂಕ್ ಪಟ್ಟಿಯಿದೆ. ಟಾಪ್500 ಎಂಬ ಆ ಪಟ್ಟಿ 1993ರಿಂದ ವರ್ಷಕ್ಕೆರಡು ಬಾರಿ ಹೊರಬರುತ್ತಿದೆ. 2007ರ ನವೆಂಬರಿನಲ್ಲಿ ಪುಣೆಯ 'ಏಕ' ಅದರಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ನಾನೂ ಹಿಗ್ಗಿದ್ದೆ. ಆ ಪಟ್ಟಿಯ ಪ್ರಶ್ನೆಯೂ ಒಂದೇ: ದೊಡ್ಡದೊಂದು ಏಕಕಾಲಿಕ ಸಮೀಕರಣಗಳ ಗುಂಪನ್ನು ಬಿಡಿಸು. ಆ ಪ್ರಶ್ನೆಪತ್ರಿಕೆಯ ಹಿಂದಿರುವ ಜ್ಯಾಕ್ ಡೊಂಗಾರಾ ಅವರೇ, ನಿಜವಾದ ವೈಜ್ಞಾನಿಕ ಕೆಲಸಗಳನ್ನು ಇದೊಂದರಿಂದ ಅಳೆಯಲಾಗದೆಂದು ಸಹೋದ್ಯೋಗಿಗಳೊಡನೆ ಎಚ್‌ಪಿಸಿಜಿ ಎಂಬ ಇನ್ನೊಂದು ಪರೀಕ್ಷೆಯನ್ನು ರಚಿಸಿದರು. 2022ರಲ್ಲಿ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಅಮೆರಿಕದ ಫ್ರಾಂಟಿಯರ್ ಯಂತ್ರವು ಈ ಎರಡನೆಯ ಪರೀಕ್ಷೆಯಲ್ಲಿ ತೋರಿದ ವೇಗ ಮೊದಲನೆಯದರ ನೂರರಲ್ಲಿ ಸುಮಾರು ಒಂದು ಪಾಲು! ತಾನೇ ಬರೆದ ಪ್ರಶ್ನೆಪತ್ರಿಕೆ ಸಾಲದೆಂದು ಒಪ್ಪಿಕೊಳ್ಳುವುದು ಅಧ್ಯಾಪಕನಿಗೆ ಸುಲಭವಲ್ಲ. ಅವರಿಗೆ ನನ್ನ ನಮಸ್ಕಾರ.

ನಾನು ಹಾಗೆ ಒಪ್ಪಿಕೊಂಡಿದ್ದೆನೇ? ಇಲ್ಲ. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೆ ಹೇಳಬೇಕು.

1981ರ ಅರ್ಧವಾರ್ಷಿಕ ಪರೀಕ್ಷೆಯಿರಬೇಕು. ನೇತ್ರಾವತಿಯ ಆಚೆಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಹತ್ತು ಲೆಕ್ಕಗಳಲ್ಲಿ ನಾಲ್ಕನ್ನು ಮಾತ್ರ ಬಿಡಿಸಿದ್ದ. ನಾಲ್ಕೂ ಸರಿ, ಎರಡರಲ್ಲಿ ನಾನು ತರಗತಿಯಲ್ಲಿ ಹೇಳಿಕೊಡದ ದಾರಿಯನ್ನು ಹಿಡಿದಿದ್ದ. ನೂರಕ್ಕೆ ನಲವತ್ತು ಹಾಕಿದೆ. ಅದು ನಿಯಮ. ಆದರೆ ಪ್ರಗತಿ ಪತ್ರದ ಷರಾ ಕಾಲಮಿನಲ್ಲಿ ಒಂದು ಪದ ಬರೆದೆ: "ನಿಧಾನ". ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಊಟದ ಸಾಲಿನಲ್ಲಿ ಪಕ್ಕದ ಎಲೆಗೆ ಕುಳಿತವನು ನನ್ನತ್ತ ತಿರುಗಿ ಕೇಳಿದ: "ಮಾಸ್ಟ್ರೇ, ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ ನೀವು ಎಂತ ಬರೆದಿದ್ರಿ, ನೆನಪುಂಟಾ?" ನನಗೆ ನೆನಪಿರಲಿಲ್ಲ. ಅವನೇ ಹೇಳಿದ. ಆ ಪದವನ್ನು ಓದಿಸಿ ತಿಳಿದುಕೊಂಡ ತಂದೆ, ಮುಂದಿನ ಜೂನ್ ತಿಂಗಳಲ್ಲಿ ಅವನನ್ನು ಶಾಲೆಗೆ ಕಳುಹಿಸದೆ ಮೀನಿನ ಲಾರಿಯ ಲೆಕ್ಕ ಬರೆಯಲು ಕೂರಿಸಿದರಂತೆ. ಅವನು ನಗುತ್ತಲೇ ಹೇಳಿದ, ಸಿಟ್ಟಿನಿಂದಲ್ಲ. ಎಲೆಯ ಮೇಲಿದ್ದ ಹೋಳಿಗೆ ನನಗೆ ಗಂಟಲಿನಲ್ಲಿ ಇಳಿಯಲಿಲ್ಲ.

ಎರಡೂವರೆ ಗಂಟೆಯಲ್ಲಿ ಎಷ್ಟು ಲೆಕ್ಕ ಬಿಡಿಸುತ್ತಾನೆ ಎಂಬ ಒಂದೇ ಪ್ರಶ್ನೆಯನ್ನು ನಾನು ಕೇಳಿದ್ದೆ. ಸಿಕ್ಕಿದ ಉತ್ತರವನ್ನು ಇಡೀ ಹುಡುಗನಿಗೆ ಅಂಟಿಸಿಬಿಟ್ಟೆ.

ಸಮಾಜವೂ ಇದನ್ನೇ ಮಾಡುತ್ತದೆ. ನಮ್ಮ ರಾಜ್ಯದಲ್ಲಿ 2023ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ 83.89 ಇದ್ದದ್ದು 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಆ ವರ್ಷ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಂದಿತೇ? ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂದಿತ್ತು, ವೆಬ್‌ಕಾಸ್ಟಿಂಗ್ ಆರಂಭವಾಗಿತ್ತು. ಅಳತೆಗೋಲು ಬದಲಾಗಿತ್ತು. ಜಿಲ್ಲೆಗಳ ರ‍್ಯಾಂಕ್ ನೋಡಿ ಬೀಗುವವರೂ ಬಾಗುವವರೂ ಮೊದಲು ಕೇಳಬೇಕಾದದ್ದು, ಹೇಗೆ ಅಳೆದಿರಿ ಎಂದು.

ಈಗ ನಮ್ಮ ಶಾಲೆಯ ವಿಷಯ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕಳೆದ ತಿಂಗಳು ಒಂದು ಕೋಷ್ಟಕ ಬಂತು. ಶಾಲೆಯಲ್ಲಿರುವ ಹನ್ನೆರಡು ಯಂತ್ರಗಳ ಪ್ರೊಸೆಸರ್ ಹಳೆಯ ನಾಲ್ಕನೆಯ ಪೀಳಿಗೆಯ ಕೋರ್ ಐ3. ಹೊಸ ಯಂತ್ರದ ಅಂಕದ ಮುಂದೆ ಅದರದ್ದು ಐದರಲ್ಲೊಂದು ಪಾಲೂ ಇಲ್ಲ. ಆದ್ದರಿಂದ ಎಲ್ಲವನ್ನೂ ಗುಜರಿಗೆ ಹಾಕಿ, ಕೂಡಿದ ಹಣದಲ್ಲಿ ಬರುವಷ್ಟು, ಅಂದರೆ ಐದು ಹೊಸ ಯಂತ್ರ ಕೊಳ್ಳೋಣ ಎಂಬುದು ಪ್ರಸ್ತಾಪ. ದುಬೈಯಿಂದಲೂ ಬೆಂಗಳೂರಿನಿಂದಲೂ ನಿಮ್ಮ ಹೆಬ್ಬೆರಳುಗಳು ಸಾಲುಸಾಲಾಗಿ ಎದ್ದವು. ನಿಮ್ಮ ಪ್ರೀತಿ ದೊಡ್ಡದು. ಆದರೆ ಈ ನಿರ್ಣಯವನ್ನು ನಾನು ಒಪ್ಪಲಾರೆ.

ಮೊದಲನೆಯದಾಗಿ, ಪ್ರಶ್ನೆಪತ್ರಿಕೆ ಮಕ್ಕಳದಲ್ಲ. ಅವರು ಅಲ್ಲಿ ಮಾಡುವುದೇನು? ಕನ್ನಡದಲ್ಲಿ ಬೆರಳಚ್ಚು ಕಲಿಯುತ್ತಾರೆ, ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆಯುತ್ತಾರೆ, ಸ್ಕ್ರ್ಯಾಚ್‌ನಲ್ಲಿ ಬೆಕ್ಕನ್ನು ಓಡಿಸುತ್ತಾರೆ, ಪಾಠದ ವಿಡಿಯೋ ನೋಡುತ್ತಾರೆ. ಯಾವುದೂ ಸಿನೆಬೆಂಚ್ ಕೇಳುವ ಕೆಲಸವಲ್ಲ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹಾಳಾಗುವ ಹೊತ್ತು ಯಂತ್ರ ಎದ್ದೇಳುವ ಹೊತ್ತು. ಅದು ಹಾರ್ಡ್‌ಡಿಸ್ಕಿನ ದೋಷ.

ಎರಡನೆಯದಾಗಿ, ಇದು ಭಾಗಾಕಾರದ ಲೆಕ್ಕ. ತರಗತಿಯಲ್ಲಿ ಮೂವತ್ತಾರು ಮಕ್ಕಳು. ಹನ್ನೆರಡು ಯಂತ್ರವಿದ್ದರೆ ಒಂದಕ್ಕೆ ಮೂವರು. ಐದಿದ್ದರೆ ಏಳೆಂಟು ಮಂದಿ. ಏಳು ಮಂದಿಯಲ್ಲಿ ಮೌಸ್ ಹಿಡಿಯುವವನು ಒಬ್ಬ, ಇಣುಕುವವರು ಇಬ್ಬರು, ಉಳಿದವರಿಗೆ ಕಾಣುವುದು ಮುಂದಿನವನ ಬೆನ್ನು. ಆ ಬೆನ್ನಿನ ಹಿಂದೆ ನಿಲ್ಲುವವರು ಯಾರೆಂದು ಮೂವತ್ತನಾಲ್ಕು ವರ್ಷ ನೋಡಿದ ನನಗೆ ಗೊತ್ತು. ನಿಧಾನದವರು, ಹೆಣ್ಣುಮಕ್ಕಳು, ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು. ಯಾವ ಬೆಂಚ್‌ಮಾರ್ಕೂ ಈ ಅಂಕವನ್ನು ತೋರಿಸುವುದಿಲ್ಲ.

ಎದುರು ಪಕ್ಷದ ವಾದದಲ್ಲಿ ಒಂದು ಅಂಶ ನಿಜ. ಆ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಕೂರದು. ವಿಂಡೋಸ್ 10ರಲ್ಲೇ ಬಿಟ್ಟು ಅಂತರ್ಜಾಲಕ್ಕೆ ಜೋಡಿಸುವುದು ಕ್ಷೇಮವಲ್ಲ. ಆದರೆ ಅದು ಪ್ರೊಸೆಸರಿನ ಅಂಕದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ತಲಪಾಡಿ ದಾಟಿದರೆ ಕಾಸರಗೋಡು. ಅಲ್ಲಿಯ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಮಕ್ಕಳು, ಕೇರಳದ ಕೈಟ್ ಸಂಸ್ಥೆ ಒದಗಿಸುವ, ಉಬುಂಟು ಆಧಾರಿತ ಲಿನಕ್ಸ್ ಬಳಸಿಯೇ ಐಟಿ ಪಾಠ ಕಲಿಯುತ್ತಾರೆ, ಎಸ್ಸೆಸ್ಸೆಲ್ಸಿಯಲ್ಲಿ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯುತ್ತಾರೆ. ಅದಕ್ಕೆ ಪರವಾನಗಿಯ ಹಣ ಕೊಡಬೇಕಾಗಿಲ್ಲ. ಅವರಿಗೆ ಸಾಧ್ಯವಾದದ್ದು ಹತ್ತೇ ಮೈಲಿ ಈಚೆಗೆ ನಮಗೆ ಸಾಧ್ಯವಾಗದೇ?

ಆದ್ದರಿಂದ ನನ್ನ ಸಲಹೆ ಹೀಗಿದೆ. ಹನ್ನೆರಡರಲ್ಲಿ ಎರಡು ಯಂತ್ರಗಳನ್ನು ಮೊದಲು ಪರೀಕ್ಷೆಗೆ ತೆಗೆದುಕೊಳ್ಳಿ. ಧೂಳು ತೆಗೆದು, ಎಸ್‌ಎಸ್‌ಡಿ ಹಾಕಿ, ಮೆಮೊರಿ 8 ಜಿಬಿಗೆ ಏರಿಸಿ, ಲಿನಕ್ಸ್ ಕೂರಿಸಿ. ಅನಂತರ ಮಕ್ಕಳನ್ನೇ ಕೂರಿಸಿ, ಅವರ ಪಾಠದ ಐದು ಕೆಲಸಗಳನ್ನು ಮಾಡಿಸಿ, ಗಡಿಯಾರ ಹಿಡಿದು ಬರೆದುಕೊಳ್ಳಿ. ಚೆನ್ನಾಗಿ ನಡೆದರೆ ಉಳಿದ ಹತ್ತಕ್ಕೂ ಹಾಗೆಯೇ ಮಾಡಿ. ಮಿಕ್ಕ ಹಣದಲ್ಲಿ ವಿಡಿಯೋ ಜೋಡಿಸುವಂಥ ಭಾರದ ಕೆಲಸಕ್ಕೆ ಒಂದೆರಡು ಹೊಸ ಯಂತ್ರ ಬರಲಿ, ಬೇಡವೆನ್ನುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವುದನ್ನು ತಡೆಯಲು ಒಂದು ಒಳ್ಳೆಯ ಯುಪಿಎಸ್, ಗೋಡೆಗೆ ಎರಡು ಫ್ಯಾನು ಮರೆಯಬೇಡಿ. ಒಂದು ವೇಳೆ ಮಕ್ಕಳ ಪರೀಕ್ಷೆಯಲ್ಲಿ ಆ ಎರಡು ಹಳೆಯ ಯಂತ್ರಗಳು ನಪಾಸಾದರೆ, ನಾನೇ ಮುಂದೆ ನಿಂತು ಗುಜರಿಯವನಿಗೆ ಫೋನು ಮಾಡುತ್ತೇನೆ.

ಕೋಷ್ಟಕ ಕಳುಹಿಸಿದವನು ನನ್ನ ಅಚ್ಚುಮೆಚ್ಚಿನ ಶಿಷ್ಯರಲ್ಲೊಬ್ಬ. ಅವನು ಬೇಸರಿಸಬಾರದು. ಅವನು ಕೊಟ್ಟ ಅಂಕಗಳಲ್ಲಿ ಒಂದೂ ತಪ್ಪಿಲ್ಲ. ತಪ್ಪಿದ್ದು, ಅಂಕದಿಂದ ನಿರ್ಣಯಕ್ಕೆ ಹಾರಿದ ಆ ಒಂದು ಹೆಜ್ಜೆಯಲ್ಲಿ. ಲೆಕ್ಕದ ಹೆಜ್ಜೆಗಳನ್ನು ಬಿಡದೆ ಬರೆಯಬೇಕೆಂದು ನಾನು ನಿಮಗೆಲ್ಲ ಕಿವಿ ಹಿಂಡಿ ಹೇಳುತ್ತಿದ್ದೆ, ಅಲ್ಲವೇ? ನಾನೇ ಒಮ್ಮೆ ಆ ಹೆಜ್ಜೆಯನ್ನು ಬಿಟ್ಟು ಷರಾ ಬರೆದವನು. ಅದಕ್ಕಾಗಿ ಈ ಬಾರಿ ಇಷ್ಟು ಉದ್ದ ಬರೆದೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಇರುತ್ತೇನೆ. ಮೊಮ್ಮಗ ಸ್ಕ್ರೂಡ್ರೈವರ್ ತರುತ್ತಾನೆ, ನಾನು ಟಾರ್ಚು ತರುತ್ತೇನೆ. ಊರಿನಲ್ಲಿರುವವರು ಬನ್ನಿ. ಬರುವಾಗ ಒಂದು ಬ್ರಷ್ಷೂ ಹಳೆಯ ಬಟ್ಟೆಯೂ ಇರಲಿ. ಧೂಳು ಬಹಳ ಇದೆ.